ಕ್ವೆರ್ಸೆಟಿನ್ ಕ್ಯಾಪ್ಸೂಲ್: ಅಪ್ಪಯ್ಯನಿಗೆ ಕೊಡಬಹುದಾ? ಅಮ್ಮನಿಗೆ?

ಹೊಳೆದಂಡೆ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ಕ್ವೆರ್ಸೆಟಿನ್ ಅನ್ನೋ ಫ್ಲೇವನಾಯ್ಡ್ (ಗಿಡಗಳಲ್ಲಿರುವ ಒಂದು ಬಗೆಯ ವಸ್ತು) ಕ್ಯಾಪ್ಸೂಲ್ ಬಗ್ಗೆ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಬೇಕು.

ಅಪ್ಪಯ್ಯನಿಗೆ 64 ವರ್ಷ. ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ಧೂಳಿಗೆ, ಆಮೇಲೆ ಮಳೆಗಾಲದ ಬೂಷ್ಟಿಗೆ, ಬೆಳಗ್ಗೆ ಎದ್ದ ಕೂಡಲೇ ಸೀನು ಶುರು. ಕಣ್ಣು ತುರಿಕೆ, ಮೂಗು ಕಟ್ಟುವುದು ಎಲ್ಲಾ ಇದೆ. ಬಿಪಿಗೆ ಟೆಲ್ಮಿಸಾರ್ಟಾನ್ 40, ಜೊತೆಗೆ ಆಸ್ಪಿರಿನ್ 75 ದಿನಾ ನಡೀತಿದೆ. ಸಕ್ಕರೆ ಕಾಯಿಲೆ ಇಲ್ಲ, ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 1.0 ಇದೆ. ಆನ್‌ಲೈನಿನಲ್ಲಿ ತರಿಸಿದ ಡಬ್ಬಿಯ ಮೇಲೆ ಹೀಗೆ ಬರೆದಿದೆ: ಕ್ವೆರ್ಸೆಟಿನ್ ಡೈಹೈಡ್ರೇಟ್ 500 ಮಿ.ಗ್ರಾಂ, ಬ್ರೊಮೆಲೈನ್ 100 ಮಿ.ಗ್ರಾಂ, ಜಿಂಕ್ 10 ಮಿ.ಗ್ರಾಂ, ವಿಟಮಿನ್ ಸಿ. ದಿನಕ್ಕೆ ಎರಡು ಕ್ಯಾಪ್ಸೂಲ್ ಅಂತ ಇದೆ. ಅಲರ್ಜಿ, ಬಿಪಿ, ಮಂಡಿನೋವು, ಹೃದಯ, ರೋಗನಿರೋಧಕ ಶಕ್ತಿ, ಎಲ್ಲದಕ್ಕೂ ಒಳ್ಳೇದು ಅಂತಲೂ ಇದೆ.

ಕೇಳಬೇಕಾಗಿರೋದು ಇಷ್ಟು. ಸೀನಿಗೆ ಇದು ನಿಜವಾಗಿ ಕೆಲಸ ಮಾಡುತ್ತಾ? ಎಷ್ಟು, ಯಾವ ಹೊತ್ತಿಗೆ, ಎಷ್ಟು ದಿನ? ಇದು ಹಿಡಿದರೆ ಬಿಪಿ ಮಾತ್ರೆ ಬಿಡಬಹುದು ಅಂತ ನೆಂಟರೊಬ್ಬರು ಹೇಳ್ತಿದ್ದಾರೆ, ಹೌದಾ? ಇನ್ನೊಂದು, ಅಮ್ಮನಿಗೂ ಮಂಡಿನೋವು ಇದೆ. ಅವರಿಗೆ ಹೃದಯದ ವಾಲ್ವ್ ಬದಲಾಯಿಸಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತಗೊಳ್ತಾರೆ. ಅವರೂ ಒಂದೊಂದು ತಗೊಂಡರೆ ಆಗುತ್ತಾ?

ಮಾತ್ರೆಚೀಟಿ, ಶಿವಮೊಗ್ಗ

ಹೊಳೆದಂಡೆಯವರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಅಮ್ಮನಿಗೆ ಬೇಡ. ಒಂದೂ ಬೇಡ. ಯಾಕೆ ಅನ್ನೋದನ್ನು ಇಲ್ಲಿರುವ ವೈದ್ಯರು ಸರಿಯಾಗಿ ಹೇಳ್ತಾರೆ. ನಾನು ಡಬ್ಬಿಯ ವಿಷಯ ಹೇಳ್ತೇನೆ.

'ಡೈಹೈಡ್ರೇಟ್' ಅಂದರೆ ಒಂದೊಂದು ಕ್ವೆರ್ಸೆಟಿನ್ ಅಣುವಿಗೆ ಎರಡೆರಡು ನೀರಿನ ಅಣು ಅಂಟಿಕೊಂಡಿದೆ ಅಂತ. ಕ್ವೆರ್ಸೆಟಿನ್‌ನ ಅಣುತೂಕ 302, ನೀರು ಸೇರಿದರೆ 338. ಹಾಗಾಗಿ ನಿಮ್ಮ 500 ಮಿ.ಗ್ರಾಂನಲ್ಲಿ ಅಸಲು ಕ್ವೆರ್ಸೆಟಿನ್ ಸುಮಾರು 447. ಇದು ಮೋಸ ಅಲ್ಲ, ಮಾರುಕಟ್ಟೆಯಲ್ಲಿ ಇರೋದೇ ಬಹುತೇಕ ಈ ರೂಪ. ಎರಡು ಡಬ್ಬಿ ಹೋಲಿಸುವಾಗ ಮಾತ್ರ ನೆನಪಿರಲಿ.

ಹುಷಾರಾಗಿ ನೋಡಬೇಕಾದದ್ದು ಬೇರೆ. ಕೆಲವು ಡಬ್ಬಿಗಳಲ್ಲಿ ಕ್ವೆರ್ಸೆಟಿನ್ ಅಂತ ಮುಂದೆ ದೊಡ್ಡದಾಗಿ ಬರೆದು, ಹಿಂದೆ 'ಸೊಫೋರಾ ಜಪಾನಿಕಾ ಸಾರ' ಅಂತಷ್ಟೇ ಇರುತ್ತೆ. ಆ ಮರದ ಹೂಮೊಗ್ಗಿನಲ್ಲಿ ತುಂಬಿರೋದು ರುಟಿನ್. ಕ್ವೆರ್ಸೆಟಿನ್‌ಗೆ ಸಕ್ಕರೆಯ ಬಾಲ ಅಂಟಿಕೊಂಡಿದ್ದರೆ ಅದೇ ರುಟಿನ್. ಕಾರ್ಖಾನೆಯಲ್ಲಿ ಬಾಲ ಕತ್ತರಿಸಿದ ಮೇಲೆ ಕ್ವೆರ್ಸೆಟಿನ್ ಆಗುತ್ತೆ. ಕತ್ತರಿಸದೆ ತುಂಬಿದ್ದರೆ 500 ಮಿ.ಗ್ರಾಂ ರುಟಿನ್‌ನಿಂದ ಹೆಚ್ಚೆಂದರೆ 250 ಮಿ.ಗ್ರಾಂ ಕ್ವೆರ್ಸೆಟಿನ್ ಸಿಗಬಹುದು. ಅದೂ ದೊಡ್ಡ ಕರುಳಿನವರೆಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಒಡೆದ ಮೇಲೆ. ಆದ್ದರಿಂದ 'ಸಾರ' ಎಷ್ಟು ಅಂತಲ್ಲ, ಸಾರದಲ್ಲಿ 'ಕ್ವೆರ್ಸೆಟಿನ್' ಎಷ್ಟು ಅಂತ ಮಿಲಿಗ್ರಾಂನಲ್ಲಿ ಬರೆದ ಡಬ್ಬಿಯನ್ನೇ ತಗೊಳ್ಳಿ.

ಮೂರನೇ ನಮೂನೆ ಫೈಟೊಸೋಮ್. ಲೆಸಿಥಿನ್ ಅನ್ನೋ ಕೊಬ್ಬಿನಂಥ ವಸ್ತುವಿನ ಜೊತೆ ಸೇರಿಸಿದ್ದು. ಬರೀ ಪುಡಿ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಹಾಗಾಗಿ ರಕ್ತಕ್ಕೆ ಹೋಗೋದು ಕಡಿಮೆ. ಲೆಸಿಥಿನ್ ಜೊತೆಗಿದ್ದರೆ 20 ಪಟ್ಟಿನವರೆಗೆ ಹೆಚ್ಚು ಹೋಗುತ್ತೆ ಅಂತ ಅಳೆದು ನೋಡಿದ್ದಾರೆ. ಫೈಟೊಸೋಮ್ 250 ಮಿ.ಗ್ರಾಂನಲ್ಲಿ ಅಸಲು ಕ್ವೆರ್ಸೆಟಿನ್ ಸುಮಾರು 100 ಮಾತ್ರ. ಸಂಖ್ಯೆ ಸಣ್ಣದು ಅಂತ ನಾಲ್ಕು ನುಂಗಿದರೆ ಲೆಕ್ಕ ಪೂರ್ತಿ ತಪ್ಪುತ್ತೆ. ಅಂಗಡಿಗೆ ಬರುವವರಲ್ಲಿ ಈ ಗೊಂದಲವೇ ಜಾಸ್ತಿ.

ಬ್ರೊಮೆಲೈನ್ ಅನಾನಸಿನ ದಂಟಿನಿಂದ ತೆಗೆದ ಕಿಣ್ವ. ಹೀರಿಕೆ ಹೆಚ್ಚಿಸುತ್ತೆ ಅಂತ ಸೇರಿಸ್ತಾರೆ, ಅದಕ್ಕೆ ಗಟ್ಟಿ ಆಧಾರ ಇಲ್ಲ. ಆದರೆ ರಕ್ತ ಹೆಪ್ಪುಗಟ್ಟುವುದನ್ನು ಅದು ಸ್ವಲ್ಪ ತಗ್ಗಿಸುತ್ತೆ. ಆಸ್ಪಿರಿನ್ ತಗೊಳ್ಳುವ ಅಪ್ಪಯ್ಯನಿಗೆ ಅದು ಬೇಡದ ಸೇರ್ಪಡೆ. ಸೊರಬದ ಕಡೆ ಅನಾನಸ್ ತಿನ್ನಲಿ, ಅಡ್ಡಿಯಿಲ್ಲ. ಹಣ್ಣಿನ ತಿರುಳಿನಲ್ಲಿ ಅದು ದಂಟಿನಷ್ಟು ಇರೋದಿಲ್ಲ. ಕ್ಯಾಪ್ಸೂಲ್ ಕೊಡುವುದೇ ಆದರೆ ಕ್ವೆರ್ಸೆಟಿನ್ ಒಂದೇ ಇರುವುದನ್ನು ಕೊಡಿ.

ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ಲೈಸೆನ್ಸ್ ಸಂಖ್ಯೆ, ಬ್ಯಾಚ್, ಮುಗಿಯುವ ದಿನಾಂಕ, 'ಔಷಧೀಯ ಬಳಕೆಗಲ್ಲ' ಅನ್ನುವ ಸಾಲು ಇರಲೇಬೇಕು. ಆ ಸಾಲು ಇದ್ದೂ ಬಿಪಿ ವಾಸಿ ಮಾಡುತ್ತೆ ಅಂತ ಬರೆದಿದ್ದರೆ ಅಂಥ ಡಬ್ಬಿಯನ್ನು ವಾಪಸ್ ಕಳಿಸಿ.

ನಾಡಿಮಿಡಿತ, ಸಾಗರ

ಮೇಲಿನವರು ಹೇಳಿದ್ದು ಸರಿ. ಅಮ್ಮನ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ರಕ್ತದಲ್ಲಿರುವ ವಾರ್ಫರಿನ್‌ನಲ್ಲಿ ನೂರಕ್ಕೆ 99 ಭಾಗ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಸುಮ್ಮನೆ ಕೂತಿರುತ್ತದೆ. ಕೆಲಸ ಮಾಡುವುದು ಬಿಡಿಯಾಗಿರುವ ಆ ಒಂದು ಭಾಗ. ಕ್ವೆರ್ಸೆಟಿನ್ ಅದೇ ಅಲ್ಬುಮಿನ್‌ನ ಅದೇ ಜಾಗಕ್ಕೆ ಅಂಟಿಕೊಂಡು ವಾರ್ಫರಿನ್ ಅನ್ನು ಕದಲಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಒಂದು ಭಾಗ ಎರಡಾದರೆ ಔಷಧದ ಬಲ ಇಮ್ಮಡಿಯಾದಂತೆ. ವಾರ್ಫರಿನ್ ಅನ್ನು ಯಕೃತ್ತಿನಲ್ಲಿ ಕರಗಿಸುವ ಸಿವೈಪಿ2ಸಿ9 ಕಿಣ್ವವನ್ನೂ ಇದು ತಡೆಯಬಲ್ಲದು. ಇದರ ಮೇಲೆ ಪ್ಲೇಟ್‌ಲೆಟ್ ಅಂಟುವುದನ್ನೂ ತುಸು ಕಡಿಮೆ ಮಾಡುತ್ತದೆ. ಮನುಷ್ಯರಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಪರೀಕ್ಷೆಯ ಅಂಕಿ) ಇಷ್ಟೇ ಏರುತ್ತದೆ ಎಂದು ಹೇಳುವ ದೊಡ್ಡ ಅಧ್ಯಯನ ಇಲ್ಲ, ಅದಕ್ಕೇ ಬೇಡ ಎನ್ನುವುದು. ಲೋಹದ ವಾಲ್ವ್ ಮೈಟ್ರಲ್ ಜಾಗದಲ್ಲಿದ್ದರೆ ಐಎನ್‌ಆರ್ 2.5 ಮತ್ತು 3.5ರ ನಡುವೆ ನಿಲ್ಲಬೇಕು. ಮೇಲೆ ಹೋದರೆ ರಕ್ತಸ್ರಾವ, ಕೆಳಗೆ ಬಂದರೆ ವಾಲ್ವಿನಲ್ಲಿ ಹೆಪ್ಪು. ಅಷ್ಟು ಕಿರಿದಾದ ಕಾಲುಸಂಕದ ಮೇಲೆ ನಡೆಯುತ್ತಿರುವವರ ಕೈಗೆ ಹೊಸ ಹೊರೆ ಕೊಡಬಾರದು.

ಅವರ ಮಂಡಿನೋವಿಗೆ ಪ್ಯಾರಸಿಟಮಾಲ್ 500, ದಿನಕ್ಕೆ ಎರಡು ಅಥವಾ ಮೂರು ಮಾತ್ರೆ, ವೈದ್ಯರಿಗೆ ತಿಳಿಸಿ. ದಿನಕ್ಕೆ 2 ಗ್ರಾಂನಂತೆ ಹಲವು ದಿನ ಎಡೆಬಿಡದೆ ತೆಗೆದುಕೊಂಡರೆ ಅದೂ ಐಎನ್‌ಆರ್ ಏರಿಸಬಲ್ಲದು, ಆಗ ಪರೀಕ್ಷೆ ಬೇಗ ಮಾಡಿಸಬೇಕು. ಡೈಕ್ಲೊಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಮುಟ್ಟಬಾರದು. ಕುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಚಾಚಿ ಹತ್ತು ಎಣಿಸಿ ಇಳಿಸುವುದು, ಹತ್ತು ಸಲ, ಬೆಳಗ್ಗೆ ಸಂಜೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಇಳಿಯುತ್ತದೆ.

ಇನ್ನು ಅಪ್ಪಯ್ಯ. ಸೀನಿಗೆ ಕ್ವೆರ್ಸೆಟಿನ್ ಕೊಡುವುದರ ಹಿಂದಿನ ತರ್ಕ ಸುಳ್ಳಲ್ಲ. ಧೂಳು, ಬೂಷ್ಟು ತಾಗಿದಾಗ ಮೂಗಿನ ಒಳಪೊರೆಯ ಮಾಸ್ಟ್ ಕೋಶಗಳು ಸೀನು, ತುರಿಕೆ ತರಿಸುವ ಹಿಸ್ಟಮಿನ್ ಸುರಿಯುತ್ತವೆ. ಕ್ವೆರ್ಸೆಟಿನ್ ಆ ಸುರಿತವನ್ನು ತಡೆಯುವುದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಚೆನ್ನಾಗಿ ಕಾಣುತ್ತದೆ. ಮನುಷ್ಯರಲ್ಲಿ ಆಧಾರ ತೆಳುವಾಗಿದೆ. ಜಪಾನಿನಲ್ಲಿ ಕೆಲವು ಹತ್ತು ಜನರಿಗೆ ಹೀರಿಕೆ ಹೆಚ್ಚಿಸಿದ ರೂಪದಲ್ಲಿ ದಿನಕ್ಕೆ 200 ಮಿ.ಗ್ರಾಂ ನಾಲ್ಕು ವಾರ ಕೊಟ್ಟು, ಕಣ್ಣು ತುರಿಕೆ ಮತ್ತು ಸೀನು ಕಡಿಮೆಯಾದುದನ್ನು ಕಂಡಿದ್ದಾರೆ. ನೆಗಡಿ, ಶೀತಕ್ಕೆ ನೋಡಿದರೆ, ಅಮೆರಿಕದಲ್ಲಿ 1,002 ಜನರಿಗೆ 12 ವಾರ 500 ಅಥವಾ 1000 ಮಿ.ಗ್ರಾಂ ಕೊಟ್ಟ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಟ್ಟು ಗುಂಪಿನಲ್ಲಿ ಶ್ವಾಸನಾಳದ ಸೋಂಕು ಕಡಿಮೆಯಾಗಲಿಲ್ಲ. 'ರೋಗನಿರೋಧಕ ಶಕ್ತಿ' ಎಂಬ ಮಾತನ್ನು ಅಲ್ಲಿಗೆ ಬಿಡಿ.

ಬಿಪಿಯಲ್ಲಿ ಮಾತ್ರ ಅಂಕಿ ಇದೆ. 2016ರಲ್ಲಿ ಏಳು ಅಧ್ಯಯನ, 587 ಜನರನ್ನು ಒಟ್ಟುಗೂಡಿಸಿ ನೋಡಿದಾಗ ಮೇಲಿನ ಬಿಪಿ ಸರಾಸರಿ 3 ಅಂಕ, ಕೆಳಗಿನದು 2.6 ಅಂಕ ಇಳಿದಿತ್ತು, ಅದೂ ದಿನಕ್ಕೆ 500 ಮಿ.ಗ್ರಾಂ ಅಥವಾ ಹೆಚ್ಚು ಕೊಟ್ಟಲ್ಲಿ. ಟೆಲ್ಮಿಸಾರ್ಟಾನ್ 40 ಮಾಡುವ ಕೆಲಸಕ್ಕೆ ಇದು ಹತ್ತಿರವೂ ಬರುವುದಿಲ್ಲ. ಬಿಪಿ ಮಾತ್ರೆ ಬಿಡಿಸುವ ಮಾತು ಅಪಾಯದ್ದು. ದಯವಿಟ್ಟು ನೆಂಟರಿಗೆ ಗಟ್ಟಿಯಾಗಿ ಹೇಳಿ. ಟೆಲ್ಮಿಸಾರ್ಟಾನ್ ಕರಗುವ ದಾರಿ ಬೇರೆಯಾದ್ದರಿಂದ ಕ್ವೆರ್ಸೆಟಿನ್ ಜೊತೆ ಜಗಳ ಕಡಿಮೆ. ಲೊಸಾರ್ಟಾನ್ ಎಂಬ ಇನ್ನೊಂದು ಬಿಪಿ ಮಾತ್ರೆ ಹಾಗಲ್ಲ: ಇಲಿಗಳಲ್ಲಿ ಕ್ವೆರ್ಸೆಟಿನ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸಿದೆ.

ಸೀನಿಗೆ ಮೊದಲ ಮದ್ದು ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ, ವೈದ್ಯರು ಬರೆದುಕೊಟ್ಟದ್ದು, ಬಿಡದೆ ಎರಡು ವಾರ. ಎರಡು ದಿನ ಹೊಡೆದು 'ಹಿಡಿಯಲಿಲ್ಲ' ಎಂದು ಬಿಡುವವರೇ ಹೆಚ್ಚು. ತಲೆ ಸ್ವಲ್ಪ ಬಗ್ಗಿಸಿ, ಎಡಗೈಯಿಂದ ಬಲ ಹೊಳ್ಳೆಗೆ, ಬಲಗೈಯಿಂದ ಎಡ ಹೊಳ್ಳೆಗೆ, ತುದಿ ಕಿವಿಯ ಕಡೆ ತಿರುಗಿರಲಿ. ನಡುಗೋಡೆಗೆ ಹೊಡೆದರೆ ಮೂಗಿನಲ್ಲಿ ರಕ್ತ ಬರುತ್ತದೆ, ಆಸ್ಪಿರಿನ್ ಇದ್ದಲ್ಲಿ ಇನ್ನೂ ಬೇಗ.

ಉಪ್ಪುನೀರಿನಲ್ಲಿ ಮೂಗು ತೊಳೆಯುವುದೂ ಒಳ್ಳೆಯದು: 250 ಮಿ.ಲೀ ನೀರಿಗೆ ಮಟ್ಟಸ ಅರ್ಧ ಚಹಾಚಮಚ ಪುಡಿ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಮಲೆನಾಡಿನವರಿಗೆ ಇದನ್ನು ಒತ್ತಿ ಹೇಳಬೇಕು: ಅಬ್ಬಿ ನೀರು, ಬಾವಿ ನೀರು, ಕೆರೆ ನೀರನ್ನು ಹಸಿಯಾಗಿ ಮೂಗಿಗೆ ಹಾಕಬೇಡಿ. ಎಷ್ಟೇ ತಿಳಿಯಾಗಿದ್ದರೂ ಕುದಿಸಿ ಆರಿಸಿದ್ದೇ ಬೇಕು. ಕುಡಿದರೆ ಏನೂ ಮಾಡದ ನೇಗ್ಲೇರಿಯಾ ಅಮೀಬಾ ಮೂಗಿನಿಂದ ಒಳಹೋದರೆ ಮಿದುಳಿಗೆ ಏರುತ್ತದೆ. ಪಕ್ಕದ ಕೇರಳದಲ್ಲಿ 2024ರಲ್ಲಿ ಮಕ್ಕಳು ಇದರಿಂದ ತೀರಿಕೊಂಡಿದ್ದಾರೆ.

ಹೊಳೆದಂಡೆ

ತುಂಬಾ ಉಪಕಾರ ಆಯ್ತು. ಒಂದು ವಿಷಯ ಈಗಷ್ಟೇ ಗೊತ್ತಾಯ್ತು. ಅಮ್ಮ ನಾಲ್ಕು ದಿನದಿಂದ ದಿನಾ ಒಂದು ತಗೊಂಡಿದ್ದಾರಂತೆ. ಅಪ್ಪಯ್ಯನ ಡಬ್ಬಿಯದ್ದೇ. ಮೈಗೆ ಏನೂ ತೊಂದರೆ ಕಾಣ್ತಿಲ್ಲ. ಹೋದ ಐಎನ್‌ಆರ್ ಮೂರು ವಾರದ ಹಿಂದೆ 2.8 ಇತ್ತು. ಏನು ಮಾಡಬೇಕು?

ನಾಡಿಮಿಡಿತ, ಸಾಗರ

ಇವತ್ತಿಂದಲೇ ಕ್ಯಾಪ್ಸೂಲ್ ನಿಲ್ಲಿಸಿ. ವಾರ್ಫರಿನ್ ಅನ್ನು ಮಾತ್ರ ನೀವೇ ಬಿಡಬೇಡಿ, ಕಡಿಮೆಯೂ ಮಾಡಬೇಡಿ. ನಾಳೆ ಬೆಳಗ್ಗೆ ಐಎನ್‌ಆರ್ ಮಾಡಿಸಿ, ಫಲಿತಾಂಶದ ಜೊತೆ ಡಬ್ಬಿಯನ್ನೂ ಹಿಡಿದುಕೊಂಡು ವಾರ್ಫರಿನ್ ಬರೆದ ವೈದ್ಯರ ಬಳಿ ಹೋಗಿ. ಕ್ವೆರ್ಸೆಟಿನ್ ಮೈಯಿಂದ ಅರ್ಧ ಇಳಿಯಲು 11ರಿಂದ 28 ಗಂಟೆ ಬೇಕು, ಪೂರ್ತಿ ಹೋಗಲು ನಾಲ್ಕೈದು ದಿನ. ಆದ್ದರಿಂದ ವಾರ ಕಳೆದು ಇನ್ನೊಮ್ಮೆ ಐಎನ್‌ಆರ್ ನೋಡಬೇಕು. ಏರಿದೆ ಎಂದು ಮಾತ್ರೆ ಇಳಿಸಿ, ಕ್ವೆರ್ಸೆಟಿನ್ ಹೋದ ಮೇಲೆ ಹಾಗೇ ಬಿಟ್ಟರೆ ಐಎನ್‌ಆರ್ ಕುಸಿಯುತ್ತದೆ. ವಾಲ್ವ್ ಇರುವವರಿಗೆ ಅದು ಏರುವುದರಷ್ಟೇ ಕೆಟ್ಟದ್ದು.

ಹಲ್ಲುಜ್ಜುವಾಗ ನಿಲ್ಲದ ರಕ್ತ, ತಾಗಿಸಿಕೊಳ್ಳದೆಯೂ ನೀಲಿ ಕಲೆ, ಟಾರಿನ ಹಾಗೆ ಕಪ್ಪಗಿನ ಅಂಟು ಮಲ, ಕೆಂಪು ಮೂತ್ರ, ಎಂದೂ ಇಲ್ಲದ ತಲೆನೋವು, ಇವುಗಳಲ್ಲಿ ಒಂದು ಕಂಡರೂ ನಾಳೆಯವರೆಗೆ ಕಾಯಬೇಡಿ, ರಾತ್ರಿಯಾದರೂ ಹೊರಡಿ. ತಲೆಗೆ ಪೆಟ್ಟಾದರೂ ಅಷ್ಟೇ, ಗಾಯ ಕಾಣದಿದ್ದರೂ ಹೋಗಬೇಕು.

ಬೇರೆಯವರಿಗೂ ಉಪಯೋಗವಾಗಲಿ ಎಂದು ಸೇರಿಸುತ್ತೇನೆ. ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಕ್ವೆರ್ಸೆಟಿನ್ ಬೇಡವೇ ಬೇಡ. ಹಂದಿಗಳಿಗೆ ಎರಡನ್ನೂ ಒಟ್ಟಿಗೆ ಕೊಟ್ಟ ಪ್ರಯೋಗದಲ್ಲಿ ದೊಡ್ಡ ಪ್ರಮಾಣ ಪಡೆದ ಮೂರರಲ್ಲಿ ಎರಡು ಅರ್ಧ ಗಂಟೆಯೊಳಗೆ ಸತ್ತವು. ಕಿಡ್ನಿ ಕಸಿಯಾಗಿ ಸೈಕ್ಲೊಸ್ಪೊರಿನ್ ಅಥವಾ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರು, ಕ್ರಿಯಾಟಿನಿನ್ ಏರಿದವರು, ಗರ್ಭಿಣಿಯರು, ಹಾಲೂಡಿಸುವವರು, ಈಸ್ಟ್ರೊಜೆನ್ ಅವಲಂಬಿತ ಸ್ತನ ಕ್ಯಾನ್ಸರ್ ಆದವರು ದೂರವಿರಬೇಕು. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಆ್ಯಂಟಿಬಯೋಟಿಕ್ ಕೋರ್ಸ್ ನಡೆಯುವಾಗ ನಿಲ್ಲಿಸಿ. ಹಲ್ಲು ಕೀಳಿಸುವುದೋ ಆಪರೇಷನ್ನೋ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ. ಕಬ್ಬಿಣದ ಮಾತ್ರೆಗೆ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ ಅಂತರ ಇರಲಿ. ಮೆಗ್ಗಾನ್‌ಗೋ ಬೇರೆ ಆಸ್ಪತ್ರೆಗೋ ಹೋದಾಗ 'ಯಾವ ಮಾತ್ರೆ ತಗೊಳ್ತೀರಿ' ಎಂದು ಕೇಳಿದರೆ ಇದನ್ನೂ ಹೇಳಬೇಕು. ಮಾತ್ರೆ ಅಲ್ಲ, ಗಿಡದ್ದು ಎಂದು ಬಿಟ್ಟುಬಿಡುತ್ತಾರೆ.

ಸೊಪ್ಪಿನಮಡಿ, ಹೊಸನಗರ

ಆಹಾರದ ಕಡೆಯಿಂದ ಒಂದಿಷ್ಟು. ಕ್ವೆರ್ಸೆಟಿನ್ ಅಂದರೆ ಡಬ್ಬಿಯೇ ಅಂತ ಯಾಕೆ?

1995ರಲ್ಲಿ ನೆದರ್ಲೆಂಡ್ಸ್‌ನಲ್ಲಿ ದೊಡ್ಡ ಕರುಳು ತೆಗೆಸಿಕೊಂಡಿದ್ದ ಒಂಬತ್ತು ಜನರ ಮೇಲೆ ಹೀರಿಕೆ ಅಳೆದರು. ಹುರಿದ ಈರುಳ್ಳಿಯಿಂದ ನೂರಕ್ಕೆ 52 ಪಾಲು ಒಳಗೆ ಹೋಯ್ತು, ಶುದ್ಧ ಕ್ವೆರ್ಸೆಟಿನ್‌ನಿಂದ 24, ರುಟಿನ್‌ನಿಂದ 17. ಈರುಳ್ಳಿಯಲ್ಲಿ ಅದು ಗ್ಲೂಕೋಸಿಗೆ ಅಂಟಿಕೊಂಡಿರೋದ್ರಿಂದ ಸಣ್ಣ ಕರುಳಿನಲ್ಲೇ ಹೀರಿಕೊಳ್ಳುತ್ತೆ. ನಮ್ಮ ಈರುಳ್ಳಿ ಹುಳಿ ಕೆಟ್ಟ ದಾರಿಯೇನಲ್ಲ.

100 ಗ್ರಾಂ ಈರುಳ್ಳಿಯಲ್ಲಿ 20 ಮಿ.ಗ್ರಾಂ, ಕೆಂಪು ಈರುಳ್ಳಿಯಾದರೆ 40ರ ಹತ್ತಿರ ಇರುತ್ತೆ. ಅದು ಇರೋದು ಹೊರಗಿನ ಎರಡು ಮೂರು ಪದರದಲ್ಲಿ. ಸುಲಿಯುವಾಗ ಒಣಸಿಪ್ಪೆಯ ಜೊತೆ ಕೆಳಗಿನ ದಪ್ಪ ಕೆಂಪು ಪದರವನ್ನೂ ಎಳೆದು ಗೊಬ್ಬರಗುಂಡಿಗೆ ಹಾಕ್ತೀವಲ್ಲ, ಹೆಚ್ಚಿನ ಪಾಲು ಅಲ್ಲೇ ಹೋಗುತ್ತೆ. ತುದಿ ಕತ್ತರಿಸಿ, ಚಾಕುವಿನಿಂದ ಒಂದು ಗೀರು ಹಾಕಿ, ಕಾಗದದಂಥ ಸಿಪ್ಪೆ ಮಾತ್ರ ಬೆರಳಲ್ಲಿ ಎತ್ತಿ. ಮಳೆಗಾಲದ ಈರುಳ್ಳಿಯಲ್ಲಿ ಸಿಪ್ಪೆಯ ಕೆಳಗೆ ಮಸಿಯಂಥ ಕಪ್ಪು ಪುಡಿ ಕಂಡರೆ ಅದು ಬೂಷ್ಟು. ಆ ಪದರ ತೆಗೆಯಲೇಬೇಕು, ಮತ್ತೆ ಆ ಕೆಲಸ ಅಪ್ಪಯ್ಯನಿಗೆ ಬೇಡ, ಅದೇ ಸೀನು ತರಿಸುತ್ತೆ. ಹುರಿದರೆ ನಷ್ಟ ಸ್ವಲ್ಪ. ಬೇಯಿಸಿದರೆ ಒಂದಿಷ್ಟು ನೀರಿಗೆ ಇಳಿಯುತ್ತೆ. ಹುಳಿಯಲ್ಲಿ ಆ ನೀರನ್ನೂ ಉಣ್ತೀವಿ, ಹಾಗಾಗಿ ಹೋಗೋದಿಲ್ಲ.

ಈರುಳ್ಳಿ ತಿನ್ನದ ಮನೆಗಳೂ ನಮ್ಮಲ್ಲಿ ಬಹಳ. ಅವರಿಗೆ ಸಬ್ಬಸಿಗೆ ಸೊಪ್ಪು ಇದೆ. ಹಸಿಯಾಗಿ 100 ಗ್ರಾಂಗೆ 55 ಮಿ.ಗ್ರಾಂ, ಕೊತ್ತಂಬರಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಕೊತ್ತಂಬರಿ ಉದುರಿಸೋದು ಐದು ಗ್ರಾಂ, ಅದರಿಂದ ಬರೋದು ಏನೂ ಇಲ್ಲ. ಸಬ್ಬಸಿಗೆಯನ್ನಾದರೆ ಅಕ್ಕಿರೊಟ್ಟಿಗೆ ಒಬ್ಬರಿಗೆ 40 ಗ್ರಾಂ ಸಲೀಸಾಗಿ ಹಾಕಬಹುದು. ಎಣ್ಣೆ, ತುಪ್ಪ ಇದ್ದರೆ ಹೀರಿಕೆ ಇನ್ನೂ ಹೆಚ್ಚು. ನುಗ್ಗೆಸೊಪ್ಪಿನಲ್ಲೂ ಕ್ವೆರ್ಸೆಟಿನ್ ಚೆನ್ನಾಗಿದೆ. ಅಮ್ಮನ ವಿಷಯದಲ್ಲಿ ಮಾತ್ರ ನುಗ್ಗೆಯ ವಿಟಮಿನ್ ಕೆ ವಾರ್ಫರಿನ್ ಬಲ ಇಳಿಸುತ್ತೆ. ಬಿಡೋದು ಬೇಕಿಲ್ಲ, ವಾರವಾರ ಒಂದೇ ಅಳತೆ ಇರಲಿ. ಆಷಾಢದಲ್ಲಿ ದಿನಾ ನುಗ್ಗೆ, ಶ್ರಾವಣದಲ್ಲಿ ಒಂದೂ ಇಲ್ಲ ಅಂತ ಆಗಬಾರದು.

ಇಷ್ಟೆಲ್ಲಾ ಸೇರಿಸಿದರೂ ಊಟದಿಂದ ದಿನಕ್ಕೆ 30, 40 ಮಿ.ಗ್ರಾಂ ದಾಟೋದು ಕಷ್ಟ. 500ರ ಕ್ಯಾಪ್ಸೂಲ್ ಅಂದರೆ ಒಂದೂಕಾಲು ಕಿಲೋ ಕೆಂಪು ಈರುಳ್ಳಿ ಒಂದೇ ಗುಟುಕಿಗೆ. ಅದಕ್ಕೇ ಅಡುಗೆಮನೆಯ ಅನುಭವ ಡಬ್ಬಿಗೆ ಸಾಕ್ಷಿ ಆಗಲ್ಲ.

ಕೊನೆಗೊಂಚಲು, ಕೊಪ್ಪ

ಫ್ಲೇವನಾಯ್ಡ್ ಅಂದರೆ ಅಡಿಕೆ ಚೊಗರಲ್ಲೂ ಇದೆಯಲ್ಲ? ಬೇಯಿಸಿದ ಹಂಡೆಯಲ್ಲಿ ಉಳಿದದ್ದನ್ನು ಎಲ್ಲಾ ಚೆಲ್ತೀವಿ ಇಲ್ಲಾ ಬಣ್ಣಕ್ಕೆ ಹಾಕ್ತೀವಿ. ಒಂದು ಚಮಚ ಕುಡಿದರೆ ಕ್ಯಾಪ್ಸೂಲಿಗೆ ದುಡ್ಡು ಕೊಡೋದು ತಪ್ಪುತ್ತೆ ಅಂತ ಹೇಳೋರಿದ್ದಾರೆ. ಚಕ್ರಮುನಿ ಸೊಪ್ಪಿನ ಹಸಿ ರಸವೂ ಈಗ ಚಾಲ್ತಿಯಲ್ಲಿದೆ. ಇವೆರಡರ ಬಗ್ಗೆ ಹೇಳಿ.

ಸೊಪ್ಪಿನಮಡಿ, ಹೊಸನಗರ

ಚೊಗರು ಬೇಡ ಮಾರಾಯ್ರೆ. ಅದರಲ್ಲಿ ಕ್ಯಾಟೆಚಿನ್ ಇದೆ ನಿಜ, ಟ್ಯಾನಿನ್ ಅಂತೂ ತುಂಬಿದೆ, ಕೈಗೆ ಮೆತ್ತಿದ ಕಂದು ವಾರ ಹೋಗದಿರೋದು ಅದರಿಂದಲೇ. ಆದರೆ ಅಡಿಕೆ ಕುದಿಯುವಾಗ ಅರೆಕೊಲಿನ್ ಕೂಡಾ ಅದೇ ನೀರಿಗೆ ಇಳಿಯುತ್ತೆ, ಅದು ಫ್ಲೇವನಾಯ್ಡ್ ಅಲ್ಲ, ಆಲ್ಕಲಾಯ್ಡ್. ಬಾಯಿ ಬಿಗಿಯಾಗುವ ಕಾಯಿಲೆಯ ಮೂಲವೇ ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರ ಗ್ರಂಥದಲ್ಲಿ ಅಡಿಕೆಯನ್ನು ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರೋದು ಖಚಿತ ಅನ್ನುವ ಗುಂಪಿಗೆ, ಸೇರಿಸಿದೆ. ಅಡಿಕೆಯಿಂದ ಬದುಕು ಕಟ್ಟಿಕೊಂಡ ನಮಗೆ ಇದು ಹೇಳೋಕೆ ಕಷ್ಟ, ಆದರೆ ಚೊಗರನ್ನು ಔಷಧಿ ಅಂತ ಕುಡಿಸೋರಿಗೆ ಹೇಳದಿದ್ದರೆ ತಪ್ಪಾಗುತ್ತೆ. ಬಟ್ಟೆಗೆ ಬಣ್ಣ ಹಾಕಲಿಕ್ಕೆ ಅದು ಚಿನ್ನದಂಥ ವಸ್ತು, ಅಲ್ಲೇ ಇರಲಿ.

ಚಕ್ರಮುನಿ ವಿಷಯ ಇನ್ನೂ ಮುಖ್ಯ. ಪಲ್ಯಕ್ಕೋ ತಂಬುಳಿಗೋ ಒಂದು ಹಿಡಿ, ಬೇಯಿಸಿ, ವಾರಕ್ಕೆ ಒಂದೆರಡು ಸಲ, ನಮ್ಮ ಹಿರಿಯರು ತಿಂದ ಬಗೆ ಅದು. ಅದೇ ಗಿಡದ ಹಸಿ ರಸವನ್ನು ತೈವಾನಿನಲ್ಲಿ 1994, 95ರಲ್ಲಿ ತೂಕ ಇಳಿಸಲಿಕ್ಕೆ ಅಂತ ದಿನಾ ಲೋಟಗಟ್ಟಲೆ ವಾರಗಟ್ಟಲೆ ಕುಡಿದರು. ಇನ್ನೂರಕ್ಕೂ ಹೆಚ್ಚು ಜನರ ಶ್ವಾಸಕೋಶದ ಸಣ್ಣ ಕೊಳವೆಗಳು ಕಲೆಗಟ್ಟಿ ಮುಚ್ಚಿಹೋದವು. ಕೆಮ್ಮು, ಏದುಸಿರು, ಔಷಧಿಗೆ ಬಗ್ಗಲಿಲ್ಲ. ಕೆಲವರಿಗೆ ಶ್ವಾಸಕೋಶ ಕಸಿ ಮಾಡಬೇಕಾಯ್ತು. ಗಿಡ ಅದೇ, ಎಲೆ ಅದೇ. ಹಸಿ ರಸ, ಅಳತೆ, ದಿನಾ ಕುಡಿಯೋದು, ಇವು ಬೇರೆ. ಗ್ರೀನ್ ಟೀ ಕತೆಯೂ ಹೀಗೇ. ಲೋಟದಲ್ಲಿ ಕುಡಿದರೆ ತೊಂದರೆ ಇಲ್ಲ. ಅದರ ಸಾರದ ಮಾತ್ರೆಯಲ್ಲಿ ಇಜಿಸಿಜಿ ಅನ್ನೋ ಕ್ಯಾಟೆಚಿನ್ ದಿನಕ್ಕೆ 800 ಮಿ.ಗ್ರಾಂ ಮುಟ್ಟಿದರೆ ಯಕೃತ್ತಿನ ಕಿಣ್ವ ಏರುತ್ತೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ.

ಮಾತ್ರೆಚೀಟಿ, ಶಿವಮೊಗ್ಗ

ಹೊಳೆದಂಡೆಯವರೇ, ಅಪ್ಪಯ್ಯನಿಗೆ ಸ್ಪ್ರೇ, ಉಪ್ಪುನೀರು ಎರಡೂ ಮಾಡಿಯೂ ಸೀನು ಉಳಿದರೆ, ವೈದ್ಯರು ಆಸ್ಪಿರಿನ್ ಜೊತೆ ಅಡ್ಡಿಯಿಲ್ಲ ಅಂದರೆ, ಹೀಗೆ ಮಾಡಿ. ಬ್ರೊಮೆಲೈನ್ ಇಲ್ಲದ 250 ಮಿ.ಗ್ರಾಂ ಮಧ್ಯಾಹ್ನದ ಊಟದ ನಡುವೆ, ತುಪ್ಪವೋ ಕೊಬ್ಬರಿ ಎಣ್ಣೆಯೋ ಇರುವ ಊಟಕ್ಕೆ. ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳಸುತ್ತೆ, ಹೀರಿಕೆಯೂ ಕಮ್ಮಿ. ಒಂದು ವಾರ ತಲೆನೋವು, ಕೈಕಾಲು ಜುಮುಜುಮು, ಹೊಟ್ಟೆ ಕೆಡುವುದು ಬರಲಿಲ್ಲ ಅಂದರೆ 500. ಅದಕ್ಕಿಂತ ಮೇಲೆ ಬೇಡ, ಡಬ್ಬಿ ಎರಡು ಅಂದರೂ. ಅಮೆರಿಕದ ಎಫ್‌ಡಿಎ (ಆಹಾರ, ಔಷಧ ನಿಯಂತ್ರಣ ಸಂಸ್ಥೆ) 2010ರಲ್ಲಿ ಆಕ್ಷೇಪ ಎತ್ತದೆ ಬಿಟ್ಟದ್ದೂ ಒಂದು ಸಲಕ್ಕೆ 500ರವರೆಗೆ ಆಹಾರದಲ್ಲಿ ಸೇರಿಸೋದಕ್ಕೆ. ದಿನಕ್ಕೆ 1000 ಮಿ.ಗ್ರಾಂ 12 ವಾರದವರೆಗೆ ಕೊಟ್ಟು ನೋಡಿದ್ದಾರೆ, ಅದರಾಚೆ ವರ್ಷಗಟ್ಟಲೆ ತಗೊಂಡರೆ ಏನು ಅನ್ನೋದಕ್ಕೆ ಆಧಾರ ಕಡಿಮೆ.

ಶುರು ಮಾಡುವ ಒಂದು ವಾರ ಮೊದಲೇ ಗೋಡೆ ಕ್ಯಾಲೆಂಡರಿನಲ್ಲಿ ದಿನಾ ಎರಡು ಅಂಕಿ ಬರೆಯಿರಿ: ಸೀನಿಗೆ 0ಯಿಂದ 3, ಕಣ್ಣಿಗೆ 0ಯಿಂದ 3. ಬಿಪಿಯನ್ನೂ ಬರೆಯಿರಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿದ್ದು. ಆರು ವಾರ ಆದ ಮೇಲೆ ಮೊದಲ ವಾರದ ಜೊತೆ ಹೋಲಿಸಿ. ವ್ಯತ್ಯಾಸ ಇಲ್ಲ ಅಂದರೆ ನಿಲ್ಲಿಸಿ. ಸುಲಿ ಮುಗಿದು ಧೂಳು ಇಳಿದರೂ ಸೀನು ಇಳಿಯುತ್ತೆ, ಅದರ ಶ್ರೇಯಸ್ಸು ಕ್ಯಾಪ್ಸೂಲಿಗೆ ಹೋಗಬಾರದು. ಅದಕ್ಕೇ ಸುಲಿ ನಡೆಯುತ್ತಿರುವಾಗಲೇ ನೋಡಬೇಕು, ಮತ್ತೆ ಸುಲಿಯುವಾಗ ಎನ್95 ಮುಸುಕು ಹಾಕಿಸಿ. ಟವೆಲ್ ಕಟ್ಟಿಕೊಂಡರೆ ನವಿರು ಧೂಳು ನಿಲ್ಲೋದಿಲ್ಲ.

ಕ್ಯಾಪ್ಸೂಲ್ ಒಂದನ್ನು ಬಿಡಿಸಿ ಬಿಳಿ ತಟ್ಟೆಗೆ ಸುರಿದು ನೋಡಿ. ಒಳ್ಳೆ ಕ್ವೆರ್ಸೆಟಿನ್ ನಿಂಬೆಹಳದಿ, ಕೆಲವೊಮ್ಮೆ ತುಸು ಹಸಿರು ಛಾಯೆ, ಬೆರಳಿಗೆ ನವಿರು. ತಣ್ಣೀರಿಗೆ ಹಾಕಿದರೆ ಕರಗದೆ ತಳಕ್ಕೆ ಕೂರುತ್ತೆ. ಇನ್ನೊಂದು ಚಿಟಿಕೆಗೆ ಎಲೆಗೆ ಹಚ್ಚುವ ಸುಣ್ಣದ ನೀರು ಎರಡು ಹನಿ ಬಿಡಿ. ಕ್ವೆರ್ಸೆಟಿನ್ ಆದರೆ ಹಳದಿ ಗಾಢವಾಗಿ ನಿಧಾನಕ್ಕೆ ಕಂದಾಗುತ್ತೆ. ಬಿಟ್ಟ ಕೂಡಲೇ ಓಕುಳಿಯಂತೆ ಕೆಂಪಾದರೆ ಅದರಲ್ಲಿ ಅರಿಶಿನ ಬೆರೆತಿದೆ. ಈ ಪರೀಕ್ಷೆ ಅರಿಶಿನವನ್ನು ಮಾತ್ರ ಹಿಡಿಯುತ್ತೆ. ಮಿಲಿಗ್ರಾಂ ಸರಿಯಿದೆಯಾ, ಸೀಸ ಇದೆಯಾ ಅನ್ನೋದು ಬ್ಯಾಚಿನ ಲ್ಯಾಬ್ ವರದಿಯಿಂದಲೇ ಗೊತ್ತಾಗಬೇಕು. ಮಾರಿದವರಿಂದ ಆ ಬ್ಯಾಚ್ ಸಂಖ್ಯೆಯದ್ದೇ ವರದಿ ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ತೇವಕ್ಕೆ ಕ್ಯಾಪ್ಸೂಲಿನ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಒಲೆಯ ಮೇಲಿನ ಹಲಗೆ, ಫ್ರಿಜ್ ಎರಡೂ ಬೇಡ. ಫ್ರಿಜ್‌ನಿಂದ ತೆಗೆದಾಗಲೆಲ್ಲ ಒಳಗೆ ಬೆವರು ಕೂರುತ್ತೆ. ಡಬ್ಬಿಯೊಳಗಿನ ಸಿಲಿಕಾ ಪೊಟ್ಟಣ ಎಸೆಯಬೇಡಿ, ಒದ್ದೆ ಕೈ ಹಾಕಬೇಡಿ. ಅಂಟಿಕೊಂಡದ್ದನ್ನು ಬಿಡಿಸಿ ಕೊಡಬೇಡಿ. ಅಮ್ಮನ ವಾರ್ಫರಿನ್ ಡಬ್ಬಿಯನ್ನು ಇದರ ಪಕ್ಕ ಇಡಬೇಡಿ, ಬೇರೆ ಕಪಾಟಿನಲ್ಲಿ ಇಡಿ.

ಕ್ಯಾಪ್ಸೂಲಿನಿಂದ ಯಾರಿಗಾದರೂ ತೊಂದರೆಯಾದರೆ ದೇಶದ ಔಷಧ ಅಡ್ಡಪರಿಣಾಮ ಸಹಾಯವಾಣಿ 1800-180-3024, ಕೆಲಸದ ದಿನಗಳಲ್ಲಿ ಉಚಿತ. ಡಬ್ಬಿ, ಬ್ಯಾಚ್ ಸಂಖ್ಯೆ ಕೈಯಲ್ಲಿ ಹಿಡಿದೇ ಮಾಡಿ.

ಹೊಳೆದಂಡೆ

ಐಎನ್‌ಆರ್ ಇವತ್ತು 3.7 ಬಂತು. ವೈದ್ಯರು ಡಬ್ಬಿ ನೋಡಿ ಕ್ಯಾಪ್ಸೂಲ್ ನಿಲ್ಲಿಸಿ, ವಾರ್ಫರಿನ್ ಹಾಗೇ ಇರಲಿ, ಐದನೇ ದಿನ ಮತ್ತೆ ನೋಡೋಣ ಅಂದರು. ರಕ್ತ ಎಲ್ಲೂ ಕಾಣ್ತಿಲ್ಲ. ಅಪ್ಪಯ್ಯನಿಗೆ ಸ್ಪ್ರೇ ಬರೆಸಿಕೊಂಡು ಬಂದೆ. ಕ್ಯಾಲೆಂಡರ್ ಇವತ್ತಿಂದ ಶುರು: ಸೀನು 3, ಕಣ್ಣು 2.